ಅರ್ಧ ಬಾಗಿಲಿನ ರೈಲು

ಫೆಬ್ರವರಿ 11

ಅಕ್ಕಾ,

ಫೋನ್ ಮಾಡಬೇಡ ಅಂತ ನೀನು ಹೇಳಿದ್ದೆ. ಕಾಗದ ಬರೆಯಬೇಡ ಅಂತ ಹೇಳಿರಲಿಲ್ಲ. ಅಷ್ಟು ಸಂದು ಸಿಕ್ಕಿತಲ್ಲ, ನುಸುಳಿ ಬಂದಿದ್ದೇನೆ.

ಪೆಟ್ಟಿಗೆ ನೋಡಿ ಗಾಬರಿಯಾಗಬೇಡ. ಒಳಗೆ ನನ್ನ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟಿರೋದು ಎಮ್ಮೆ. ಹೌದು, ಅಪ್ಪನ ಎಮ್ಮೆ, ಆಟದ ರೈಲಿನ ಆ ಕರೀ ಇಂಜಿನ್. ಅಪ್ಪ ಹೋದ ಮೇಲೆ ಪಾಲು ಮಾಡುವಾಗ ಇಂಜಿನ್ ನನಗೆ, ಬೋಗಿಗಳೆಲ್ಲ ನಿನಗೆ ಅಂತ ಆಯಿತಲ್ಲ, ಆವತ್ತು ನಾನೇ ಗೆದ್ದೆ ಅಂತ ಬೀಗಿದ್ದೆ. ಎರಡು ವರ್ಷದಿಂದ ಬರೀ ಇಂಜಿನ್ ಓಡಿಸುತ್ತಿದ್ದೇನೆ. ದಿಬ್ಬಣವಿಲ್ಲದೆ ಒಬ್ಬನೇ ಹೊರಟ ಮದುಮಗನ ಹಾಗೆ ಕಾಣುತ್ತೆ. ನಗು ಬರುತ್ತೆ, ಆಮೇಲೆ ಬೇಜಾರಾಗುತ್ತೆ.

ಅಪ್ಪ ಹಿಂದಿನ ಕೋಣೆಯ ಬಾಗಿಲು ಕಿತ್ತು, ಅದನ್ನ ಮಲಗಿಸಿ, ಅದರ ಮೇಲೆ ಸುತ್ತಲೂ ಹಳಿ ಹಾಕಿದಾಗ, ಮುಂದೊಂದು ದಿನ ಮಕ್ಕಳು ಅದನ್ನ ಅಡ್ಡಕ್ಕೆ ಕೊಯ್ದು ಹಂಚಿಕೊಳ್ಳುತ್ತಾರೆ ಅಂತ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ನನ್ನ ಅರ್ಧ ಬಾಗಿಲು ಈಗ ಎಲ್ಲಿದೆ ಗೊತ್ತಾ? ಈ ಊರಿನ ಬಾಡಿಗೆ ಕೋಣೆಯಲ್ಲಿ, ಮಂಚದ ಮೇಲೆ, ಚಾವಣಿಗೆ ನೇತು ಹಾಕಿದ್ದೇನೆ. ಲಿಫ್ಟ್ ರಿಪೇರಿ ಮಾಡುವವನ ಕೋಣೆ ಅಂದಮೇಲೆ ರಾಟೆಗೂ ಹಗ್ಗಕ್ಕೂ ಬರವೇ? ಕೆಲಸದಿಂದ ಬಂದು, ಕೈಕಾಲು ತೊಳೆದು, ಹಗ್ಗ ಸಡಿಲ ಬಿಟ್ಟರೆ ಇಡೀ ಸ್ಟೇಷನ್ ಮೆಲ್ಲಗೆ ಇಳಿದು ಮಂಚದ ಮೇಲೆ ಕೂರುತ್ತೆ. ಕುರ್ಚಿ ಎಳೆದುಕೊಂಡು ನಾನೂ ಕೂರುತ್ತೇನೆ. ಬಾಗಿಲು ಕೊಯ್ದ ಅಂಚಿನ ಈ ಕಡೆಯಿಂದ ಎಮ್ಮೆ ಹೊರಟು, ಸ್ಟೇಷನ್ ದಾಟಿ, ತಿರುವು ಸುತ್ತಿ, ಅದೇ ಅಂಚಿನ ಆ ಕಡೆಗೆ ಬಂದು ನಿಲ್ಲುತ್ತೆ. ಆಮೇಲೆ? ಆಮೇಲೆ ಏನೂ ಇಲ್ಲ, ಮರದ ಪುಡಿ. ಹಿಂದಕ್ಕೆ ಬರಬೇಕು. ಎಮ್ಮೆ ಹಿಂದಕ್ಕೆ ನಡೆಯೋದನ್ನ ನೋಡಿ ನೋಡಿ ನನಗೆ ಸಾಕಾಗಿಹೋಗಿದೆ ಅಕ್ಕಾ.

ಅದಕ್ಕೇ ಇವತ್ತು ಸಂಜೆ ಹಿಂದಕ್ಕೆ ತರಲಿಲ್ಲ. ಅಂಚಿಗೆ ಬಂದದ್ದನ್ನ ಎತ್ತಿ ಪೆಟ್ಟಿಗೆಗೆ ಹಾಕಿದೆ. ಈಗ ಅದು ದಾರಿಯಲ್ಲಿದೆ ಅಂತ ಲೆಕ್ಕ. ನಿನ್ನ ಅಂಚಿನಲ್ಲಿ ಇಟ್ಟು ಓಡಿಸು. ಸುರಂಗ ದಾಟಿ, ತಿರುವು ಸುತ್ತಿ, ನಿನ್ನ ಇನ್ನೊಂದು ತುದಿಗೆ ಬಂದಾಗ ಮತ್ತೆ ಪೆಟ್ಟಿಗೆಗೆ ಹಾಕಿ ಇಲ್ಲಿಗೆ ಕಳಿಸು. ಆಗ ಒಂದು ಸುತ್ತು ಪೂರ್ತಿಯಾಗುತ್ತೆ.

ಕರೆಂಟಿನ ಡಬ್ಬಿ ನನ್ನ ಹತ್ತಿರ ಉಳಿದಿತ್ತು, ಅದಕ್ಕೆ ಅಂಥದ್ದೇ ಇನ್ನೊಂದು ಮಾಡಿ ಇಟ್ಟಿದ್ದೇನೆ. ಕೆಂಪು ಗುಂಡಿಯನ್ನ ನಿಧಾನವಾಗಿ ತಿರುಗಿಸು. ನಿಧಾನ ಅಂದರೆ ನಿನ್ನ ನಿಧಾನ ಅಲ್ಲ, ಜನರ ನಿಧಾನ.

ಮಾತುಕತೆ ಏನೂ ಬೇಡ ಅನ್ನೋದಾದರೆ ಹಾಗೇ ಇರಲಿ. ಇದು ಬರೀ ರೈಲ್ವೆ ವ್ಯವಹಾರ.

ಇಂತಿ ಅರ್ಧ ಬಾಗಿಲಿನ ಒಡೆಯ,
ಬೋಲ್ಟು


ಫೆಬ್ರವರಿ 26

ಲೋ ಬೋಲ್ಟು,

ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಕಾಗದ ಬರೆದರೆ ಅದರಲ್ಲಿ ‘ಹೇಗಿದ್ದೀಯ’ ಅಂತ ಒಂದು ಮಾತು ಬೇಡವಾ? ನಾನು ಚೆನ್ನಾಗಿದ್ದೇನೆ. ನಿನ್ನ ಭಾವ ಚೆನ್ನಾಗಿದ್ದಾರೆ. ಅಮ್ಮ ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾಳೆ. ಕೇಳದಿದ್ದರೂ ಹೇಳುತ್ತೇನೆ, ಏನು ಮಾಡೋದು, ನಿನಗಿಂತ ದೊಡ್ಡವಳಾಗಿ ಹುಟ್ಟಿಬಿಟ್ಟೆ.

ಪೆಟ್ಟಿಗೆ ಬಂದಾಗ ನಾನು ಹಲ್ಲಿನ ಲ್ಯಾಬಿನಲ್ಲಿ ಯಾರದೋ ಮೇಲಿನ ದವಡೆಗೆ ಹಲ್ಲು ಜೋಡಿಸುತ್ತಾ ಕೂತಿದ್ದೆ. ಮನೆಯಲ್ಲಿ ಅಮ್ಮ ಒಬ್ಬಳೇ. ತೆಗೆದು ನೋಡಿದರೆ ಬನಿಯನ್ನು! “ಎರಡು ವರ್ಷ ಸುದ್ದಿಯಿಲ್ಲ, ಈಗ ಒಗೆಯೋದಕ್ಕೆ ಬಟ್ಟೆ ಕಳಿಸಿದ್ದಾನೆ, ಹುಟ್ಟುಗುಣ ಸುಟ್ಟರೂ ಹೋಗಲ್ಲ” ಅಂತ ಗೊಣಗಿಕೊಂಡು ಬಕೆಟ್ಟಿನ ಹತ್ತಿರ ಹೋದಳಂತೆ. ಸೋಪು ನೀರಿಗೆ ಹಾಕೋ ಹೊತ್ತಿಗೆ ಬನಿಯನ್ನು ಇಷ್ಟು ಭಾರ ಇರುತ್ತಾ ಅಂತ ಅನುಮಾನ ಬಂದು ಬಿಚ್ಚಿದ್ದಾಳೆ. ಸ್ವಲ್ಪದರಲ್ಲಿ ಎಮ್ಮೆಗೆ ಸ್ನಾನ ತಪ್ಪಿತು.

ನನ್ನ ಅರ್ಧ ಗೋಡೆಗೆ ಒರಗಿ ನಿಂತಿತ್ತು. ನಿಜ ಹೇಳಬೇಕು ಅಂದರೆ ಅದರ ಮೇಲೆ ಒಣಬಟ್ಟೆ ಹಾಕುತ್ತಿದ್ದೆವು. ಇಂಜಿನ್ ಇಲ್ಲದೆ ಬೋಗಿಗಳನ್ನ ಕೈಯಲ್ಲಿ ತಳ್ಳಿ ತಳ್ಳಿ ಎಷ್ಟು ದಿನ ಆಡೋದು? ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನೋ ಹಾಗಾಗಿತ್ತು ನಮ್ಮಿಬ್ಬರ ಪಾಲು.

ಊಟದ ಮೇಜಿನ ಮೇಲೆ ಮಲಗಿಸಿದೆವು. ಹಳಿ ಮಂಕಾಗಿದೆ ಅಂತ, ಹಲ್ಲಿಗೆ ಹಾಕೋ ಪಾಲಿಶ್ ಹಾಕಿ ಫಳಫಳ ಉಜ್ಜಿದೆ. ಎಮ್ಮೆ ನಿಂತಲ್ಲೇ ಜಾರುತ್ತಾ ಚಕ್ರ ತಿರುಗಿಸಿತು, ಮುಂದಕ್ಕೆ ಒಂದು ಹೆಜ್ಜೆ ಇಲ್ಲ. ನನಗೆ ರೇಗಿತು. ಗುಂಡಿಯನ್ನ ಪೂರ್ತಿ ತಿರುಗಿಸಿದೆ. ಅದಕ್ಕೆ ಏನು ಅನಿಸಿತೋ, ಒಂದೇ ಓಟ. ಸುರಂಗ ದಾಟಿದ್ದೇ ಕಾಣಲಿಲ್ಲ. ಅಂಚಿಗೆ ಬಂದು ಅಲ್ಲಿಂದ ಹಾರಿ, ಪಕ್ಕದಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದ ನಿನ್ನ ಭಾವನ ಮಡಿಲಿಗೆ ಬಿತ್ತು. ಲೆಕ್ಕದ ಮೇಷ್ಟ್ರು, ತಲೆ ಎತ್ತಲೇ ಇಲ್ಲ. “ಪಾಸ್” ಅಂದರು. ಅವತ್ತಿನಿಂದ ಅವರಿಗೆ ದಿಂಬು ಹಿಡಿದು ಅಂಚಿನಲ್ಲಿ ನಿಲ್ಲೋ ಕೆಲಸ ಕೊಟ್ಟಿದ್ದೇನೆ.

ಪಾಲಿಶ್ ಒರೆಸಿ ತೆಗೆದ ಮೇಲೆ ಓಡಿತು ಕಣೋ. ಜನರ ನಿಧಾನದಲ್ಲಿ ಓಡಿತು. ಸುರಂಗದ ಕತ್ತಲೆಯಿಂದ ಅದರ ಮೂಗು ಹೊರಗೆ ಬಂದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಈ ವಯಸ್ಸಿನಲ್ಲಿ! ಸಾರು ತಣ್ಣಗಾಯಿತು, ಯಾರಿಗೂ ಹಸಿವಿರಲಿಲ್ಲ. ಅಮ್ಮ “ಇನ್ನೊಂದು ಸಲ” ಅಂದಳು. ಮತ್ತೆ “ಇನ್ನೊಂದೇ ಒಂದು ಸಲ” ಅಂದಳು. ಕೊನೆಗೆ ಪೆಟ್ಟಿಗೆಗೆ ಹಾಕುವಾಗ ನನಗೇ ಮನಸ್ಸು ಬರಲಿಲ್ಲ.

ಒಂದು ಬೋಗಿ ಕಟ್ಟಿ ಕಳಿಸಿದ್ದೇನೆ. ಕೊಟ್ಟಿದ್ದಲ್ಲ, ಕಳಿಸಿದ್ದು. ವಾಪಸ್ ಬರಬೇಕು.

ಇಂತಿ ಇನ್ನರ್ಧ ಬಾಗಿಲಿನ ಒಡತಿ,
ಅಕ್ಕ


ಮಾರ್ಚ್ 14

ಅಕ್ಕಾ,

ಹೇಗಿದ್ದೀಯ? ಭಾವ ಹೇಗಿದ್ದಾರೆ? ಅಮ್ಮ ಹೇಗಿದ್ದಾಳೆ? ಆಯಿತಲ್ಲ, ಇನ್ನು ವಿಷಯಕ್ಕೆ ಬರುತ್ತೇನೆ.

ನಿಮ್ಮ ಕಡೆಯ ಗಾಡಿ ತೀರಾ ತಡವಾಗಿ ಬಂದಿದೆ. ಇಲ್ಲಿ ಪ್ರಯಾಣಿಕರು ಗಲಾಟೆ ಮಾಡುತ್ತಿದ್ದರು. ಪ್ರಯಾಣಿಕರು ಅಂದರೆ ನಾನು. ದಿನಾ ಕೆಲಸ ಮುಗಿಸಿ ಬಂದವನೇ ಪೆಟ್ಟಿಗೆ ಬಂತಾ ಅಂತ ಕೇಳೋದೇ ಆಗಿತ್ತು. ಒಂದು ದಿನ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿದು ಗ್ರೀಸ್ ಹಚ್ಚುತ್ತಿದ್ದಾಗಲೂ ತಲೆಯಲ್ಲಿ ಅದೇ, ಎಮ್ಮೆ ಈಗ ಸುರಂಗದಲ್ಲಿದೆಯೋ ಹೊರಗೆ ಬಂತೋ ಅಂತ. ಮೇಸ್ತ್ರಿ “ಏನೋ ಒಬ್ಬನೇ ನಗ್ತಿದ್ದೀಯ” ಅಂದ. “ಗಾಡಿ ಬರೋ ಹೊತ್ತಾಯಿತು” ಅಂದೆ. ಅವನು ಅವತ್ತೆಲ್ಲ ನನಗೆ ಸುತ್ತಿಗೆ ಕೊಡಲಿಲ್ಲ.

ಬೋಗಿ ಕಟ್ಟಿದ ಮೇಲೆ ಅದರ ಸದ್ದೇ ಬೇರೆ ಅಕ್ಕಾ. ಒಂಟಿ ಇಂಜಿನ್ನಿಗೆ ಬರೀ ಗುರ್ ಅನ್ನೋ ಸದ್ದು. ಬೋಗಿ ಇದ್ದರೆ ಹೊರಡುವಾಗ ಕೊಂಡಿ ಎಳೆದು ಟಕ್ ಅನ್ನುತ್ತೆ, ಆಮೇಲೆ ಹಿಂದೆ ಹಿಂದೆ ಬರುತ್ತೆ. ನಾನು ಹಳಿಯ ಮಟ್ಟಕ್ಕೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದೆ. ಹಾಗೆ ನೋಡಿದರೆ ಮಂಚ ಕಾಣಲ್ಲ, ಗೋಡೆ ಕಾಣಲ್ಲ, ಗಾಡಿ ಮಾತ್ರ. ಅಪ್ಪ ಹಾಗೆ ನೋಡುತ್ತಿದ್ದದ್ದು ನೆನಪಿದೆಯಾ? ಇಡೀ ಆಯಸ್ಸು ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯ, ಮನೆಗೆ ಬಂದ ಮೇಲೆ ಬಸ್ಸಿನ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಎಮ್ಮೆ ಹೊರಡಬೇಕಾದರೆ ಮಾತ್ರ ಕಂಡಕ್ಟರ್ ದನಿಯಲ್ಲಿ “ರೈಟ್!” ಅನ್ನಲೇಬೇಕಿತ್ತು. ನಾನೂ ಅಂದೆ. ಸ್ವಲ್ಪ ಜೋರಾಗೇ ಅಂದೆ ಅಂತ ಕಾಣುತ್ತೆ.

ಕೆಳಗಿನ ಮನೆಯ ಓನರ್ ಅಜ್ಜಿ ಹತ್ತಿಕೊಂಡು ಬಂದರು, ಯಾರು ಯಾರಿಗೆ ರೈಟ್ ಅನ್ನುತ್ತಿದ್ದಾರೆ ಅಂತ ನೋಡೋದಕ್ಕೆ. ಕುರ್ಚಿ ಬಿಟ್ಟುಕೊಟ್ಟೆ. ಬಹಳ ಹೊತ್ತು ಕೂತು ನೋಡಿ ಕೇಳಿದರು, “ಇದು ಈ ಅಂಚಿನಿಂದ ಮುಂದೆ ಎಲ್ಲಿಗೆ ಹೋಗುತ್ತಪ್ಪಾ?”

“ನಮ್ಮ ಅಕ್ಕನ ಮನೆಗೆ.”

“ಇಂಜಿನ್ನೇ ಹೋಗಿ ಬರುತ್ತೆ, ನೀನ್ಯಾಕೆ ಹೋಗಲ್ಲ?”

“ನಾನು ಟಿಕೆಟ್ ತಗೊಂಡಿಲ್ಲ ಅಜ್ಜಿ” ಅಂದೆ. ಅವರು ನಗಲಿಲ್ಲ.

ಇರಲಿ. ಈ ಸಲ ನಿನ್ನ ಬೋಗಿಯ ಜೊತೆ ತಂತಿಯಲ್ಲಿ ನಾನೇ ಮಾಡಿದ ಒಂದು ಗೂಡ್ಸ್ ಡಬ್ಬಿ ಕಳಿಸಿದ್ದೇನೆ, ಅದರ ತುಂಬ ಲಿಫ್ಟಿನ ಬೇರಿಂಗ್ ಗುಂಡುಗಳು. ಬರಿದಾಗಿ ಕಳಿಸಬೇಡ. ಆಮೇಲೆ, ಗೂಡ್ಸ್ ನಿಲ್ಲೋದಕ್ಕೆ ಸ್ಟೇಷನ್ನಿನಲ್ಲಿ ಇನ್ನೊಂದು ಹಳಿ ಹಾಕಿದೆ. ಜಾಗ ಸಾಲದೆ ಮೊದಲಿದ್ದ ಹಳಿಯನ್ನ ಹೊರಗಡೆಗೆ ಸ್ವಲ್ಪ ಸರಿಸಿದ್ದೇನೆ. ಸ್ವಲ್ಪವೇ.

ಇಂತಿ ಸ್ಟೇಷನ್ ಮಾಸ್ತರ್, ಪೋರ್ಟರ್, ಪ್ರಯಾಣಿಕ,
ಎಲ್ಲವೂ ಆದ ಬೋಲ್ಟು


ಏಪ್ರಿಲ್ 3

ಬೋಲ್ಟು,

ನಿನ್ನ ಗುಂಡುಗಳು ಡಬ್ಬಿ ಬಿಟ್ಟು ಪೆಟ್ಟಿಗೆ ತುಂಬ ಉರುಳಾಡುತ್ತಿದ್ದವು. ತೆಗೆದ ತಕ್ಷಣ ನೆಲಕ್ಕೆ ಚೆಲ್ಲಿ, ನಿನ್ನ ಭಾವ ಅದರ ಮೇಲೆ ಕಾಲಿಟ್ಟು, ಅಡುಗೆಮನೆಯಿಂದ ನಡುಮನೆವರೆಗೆ ಜಾರಿಕೊಂಡು ಬಂದರು. ಬಿದ್ದಿಲ್ಲ. “ಇಷ್ಟು ಬೇಗ ನಾನು ಎಲ್ಲೂ ತಲುಪಿರಲಿಲ್ಲ” ಅಂದರು.

ಈಗ ನಮ್ಮ ಕಡೆಯ ಸುದ್ದಿ. ನನ್ನ ಅರ್ಧದಲ್ಲಿ ಬೆಟ್ಟ ಎದ್ದಿದೆ! ಅಪ್ಪನ ರಟ್ಟಿನ ಸುರಂಗ ಮೆತ್ತಗಾಗಿ ಕುಸಿದಿತ್ತು. ದಿನಾ ಜನರ ಬಾಯಿಗೆ ಅಚ್ಚು ಹಾಕೋ ಪ್ಲಾಸ್ಟರ್ ಕಲಸುವವಳಿಗೆ ಒಂದು ಬೆಟ್ಟ ಯಾವ ಮಹಾ? ಆದರೆ ಬಣ್ಣ ಹಾಕುವಾಗ ಎಡವಟ್ಟಾಯಿತು. ಕಂದು ಪುಡಿ ಅಂತ ಕತ್ತಲೆಯ ಕಪಾಟಿನಿಂದ ತಂದದ್ದು, ಒಸಡಿಗೆ ಹಾಕೋ ಗುಲಾಬಿ ಪುಡಿ. ಒಣಗಿದ ಮೇಲೆ ನೋಡುತ್ತೇನೆ, ಬೆಟ್ಟ ನಮ್ಮ ನೆಂಟರಲ್ಲೊಬ್ಬರು ನಕ್ಕ ಹಾಗಿದೆ. ಅಮ್ಮನಿಗೆ ಬಹಳ ಹಿಡಿಸಿದೆ, ಬಣ್ಣ ಬದಲಾಯಿಸಿದರೆ ಜೋಕೆ ಅಂದಿದ್ದಾಳೆ. ಬೆಟ್ಟದ ಬುಡ ದಪ್ಪವಾಗಿ ಹಳಿಯನ್ನ ಒಳಗಡೆಗೆ ಸ್ವಲ್ಪ ಸರಿಸಬೇಕಾಯಿತು. ನಿನ್ನಷ್ಟೇ ಸ್ವಲ್ಪ.

ಗೂಡ್ಸ್ ಬರಿದಾಗಿ ಕಳಿಸಬೇಡ ಅಂದೆಯಲ್ಲ, ಲ್ಯಾಬಿನಲ್ಲಿ ಬಣ್ಣ ಹೊಂದದೆ ಉಳಿದ ಹಲ್ಲುಗಳನ್ನ ತುಂಬಿಸಿದ್ದೇನೆ. ಅಮೃತಶಿಲೆ ಅಂದುಕೋ.

ದಿನಾ ಸಂಜೆ ಮೇಜಿನ ಸುತ್ತ ಕೂರೋದು ಈಗ ಅಭ್ಯಾಸವಾಗಿಬಿಟ್ಟಿದೆ. ಎಮ್ಮೆ ನಿನ್ನ ಕಡೆ ಇರುವ ದಿನಗಳಲ್ಲಿ ಬೋಗಿಗಳನ್ನ ಒರೆಸಿ, ಕೊಂಡಿ ಸರಿಮಾಡಿ, ಸಾಲಾಗಿ ನಿಲ್ಲಿಸಿ ಕಾಯುತ್ತೇವೆ. ನಿನ್ನೆ ಹಾಗೆ ಕೂತಿದ್ದಾಗ ಅಮ್ಮ ಮೊದಲ ಸಲ ಆ ದಿನದ ಮಾತು ಎತ್ತಿದಳು. “ಅಷ್ಟು ಜಗಳವಾದರೆ ಅಡ್ಡಕ್ಕೆ ಕೊಯ್ದುಕೊಳ್ಳಿ ಅಂತ ನಾನು ಅಂದದ್ದು ಯಾಕೆ ಗೊತ್ತಾ? ನಿಮ್ಮಿಬ್ಬರಲ್ಲಿ ಒಬ್ಬರಾದರೂ ‘ಅಯ್ಯೋ ಬೇಡಮ್ಮ’ ಅಂತೀರಿ ಅಂತ. ನೀನು ಹೋಗಿ ಗರಗಸ ತಂದೆ. ಅವನು ಪೆನ್ಸಿಲ್ ತಂದ.”

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕಳು. ನಕ್ಕು ನಕ್ಕು ಆಮೇಲೆ ಕಣ್ಣು ಒರೆಸಿಕೊಂಡೆವು. ನೀನಿದ್ದಿದ್ದರೆ ಪೆನ್ಸಿಲ್ಲಿನ ಗೆರೆ ಎಷ್ಟು ನೇರವಾಗಿತ್ತು ಅಂತ ಕೊಚ್ಚಿಕೊಳ್ಳುತ್ತಿದ್ದೆ. ನೇರವಾಗೇ ಇತ್ತು, ಒಪ್ಪುತ್ತೇನೆ.

ಇಂತಿ ಗುಲಾಬಿ ಬೆಟ್ಟದ ಕೆಳಗಿನಿಂದ,
ಅಕ್ಕ


ಏಪ್ರಿಲ್ 21

ಅಕ್ಕಾ,

ನಿನ್ನ ಗೂಡ್ಸ್ ಗಾಡಿ ಹಲ್ಲು ಕಿರಿದುಕೊಂಡು ಬಂತು. ಪೆಟ್ಟಿಗೆ ತೆಗೆಯುವಾಗ ಓನರ್ ಅಜ್ಜಿ ಪಕ್ಕದಲ್ಲೇ ಇದ್ದರು. ಒಂದು ಹಿಡಿ ಹಲ್ಲು ನೋಡಿ “ನಿಮ್ಮ ಅಕ್ಕನಿಗೆ ನಿನ್ನ ಮೇಲೆ ಇಷ್ಟೊಂದು ಸಿಟ್ಟಾ?” ಅಂತ ಕೇಳಿದರು. ನಿನ್ನ ಕೆಲಸ ಏನು ಅಂತ ವಿವರಿಸೋ ಹೊತ್ತಿಗೆ ಸಾಕುಬೇಕಾಯಿತು. ಈಗ ಅವರೇ ಅದರಲ್ಲಿ ಒಂದನ್ನ ಎತ್ತಿಟ್ಟುಕೊಂಡಿದ್ದಾರೆ, ಹೊಂದುತ್ತಾ ನೋಡುತ್ತಾರಂತೆ.

ಪೆನ್ಸಿಲ್ಲಿನ ಮಾತು ಓದಿ ನಾನೂ ನಕ್ಕೆ. ಆಮೇಲೆ ಹಗ್ಗ ಎಳೆದು ಸ್ಟೇಷನ್ನನ್ನ ಮೇಲಕ್ಕೇರಿಸಿ, ಅದರ ಕೆಳಗೆ ಮಲಗಿ ತುಂಬಾ ಹೊತ್ತು ಅಂಚನ್ನೇ ನೋಡಿದೆ. ಏನೇನೋ ಬರೆಯಬೇಕು ಅನಿಸಿತು. ಬರೆಯಲು ಬರಲ್ಲ.

ಕೆಟ್ಟ ಸುದ್ದಿ ಇದೆ. ಎಮ್ಮೆ ನಿಂತಿದೆ. ಶನಿವಾರ ಸ್ಟೇಷನ್ ಬಿಟ್ಟು ತಿರುವಿಗೆ ಬರೋ ಹೊತ್ತಿಗೆ ಕಟಕಟ ಅಂದು ಕುಂಟಿತು, ಆಮೇಲೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಗಿಯರ್ ಚಕ್ರದಲ್ಲಿ ಒಂದು ಹಲ್ಲು ಮುರಿದಿದೆ. ಅಂಥದ್ದು ಈಗ ಎಲ್ಲೂ ಸಿಗಲ್ಲ, ಕೇಳಿದ ಅಂಗಡಿಯವರೆಲ್ಲ ಇಲ್ಲ ಅಂತ ಕೈಯಲ್ಲಾಡಿಸಿದರು. ನಾನು ಇಡೀ ಕಟ್ಟಡದ ಲಿಫ್ಟನ್ನ ಎತ್ತಿ ನಿಲ್ಲಿಸುತ್ತೇನೆ, ಆದರೆ ಅಕ್ಕಿಕಾಳಿಗಿಂತ ಚಿಕ್ಕ ಹಲ್ಲು ನನ್ನ ಕೈಗೆ ಮಾಡಲು ಬರಲ್ಲ. ಚಕ್ರ ಮತ್ತು ಮುರಿದ ಚೂರನ್ನ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿನ್ನಿಂದ ಆದರೆ ಆಗಬೇಕು. ಇಲ್ಲದಿದ್ದರೆ ಗಾಡಿ ಇಲ್ಲಿಗೇ ಮುಗಿಯಿತು, ಅದರ ಜೊತೆ ಈ ಕಾಗದಗಳೂ ಮುಗಿಯುತ್ತವೆ ಅಂತ ನನಗೆ ಭಯ.

ಇಂತಿ
ಬೋಲ್ಟು


ಮೇ 5

ಬೋಲ್ಟು,

ಅಳಬೇಡ. ಹಲ್ಲು ಕಟ್ಟಿದ್ದೇನೆ.

ಭೂತಗನ್ನಡಿ ಹಾಕಿಕೊಂಡು, ಪಕ್ಕದ ಹಲ್ಲಿನ ಅಚ್ಚು ತೆಗೆದು, ನಮ್ಮ ಗಟ್ಟಿ ರಾಳದಲ್ಲಿ ಹೊಯ್ದು, ಉಜ್ಜಿ ಉಜ್ಜಿ ಕೂರಿಸಿದೆ. ಮೊದಲಿನ ಎರಡು ಕೆಟ್ಟವು, ಮೂರನೆಯದು ಕೂತಿತು. ಲ್ಯಾಬಿನಲ್ಲಿ ಎಲ್ಲರೂ ಯಾರ ಬಾಯಿಗೆ ಇಷ್ಟು ಸಣ್ಣದು ಅಂತ ಕೇಳಿದರು. ಎಮ್ಮೆಗೆ ಅಂದೆ. ಯಾರೂ ಮುಂದೆ ಕೇಳಲಿಲ್ಲ.

ಆದರೆ ಅದನ್ನ ನಿನಗೆ ಅಂಚೆಯಲ್ಲಿ ಕಳಿಸಲ್ಲ. ನಾನು ಯಾರಿಗೂ ಬಾಯಲ್ಲಿ ಕೂರಿಸಿ ನೋಡದೆ ಹಲ್ಲು ಕೊಟ್ಟವಳಲ್ಲ. ಕಚ್ಚುತ್ತಾ, ತಾಗುತ್ತಾ, ಎಲ್ಲಿ ಉಜ್ಜಬೇಕು, ಎಲ್ಲ ನೋಡಬೇಕು. ಆದ್ದರಿಂದ ರೋಗಿಯನ್ನ ಇಲ್ಲಿಗೇ ಕರೆದುಕೊಂಡು ಬಾ.

ಮೇಲೆ ಬರೆದದ್ದು ಸುಳ್ಳು. ಹಲ್ಲು ಸರಿಯಾಗಿದೆ, ಕಳಿಸಿದರೆ ನೀನೇ ಹಾಕಿಕೊಳ್ಳಬಹುದು. ನೀನು ಬರಬೇಕು, ಅದಕ್ಕೆ ಹಾಗೆ ಬರೆದೆ. ನಿನ್ನ ಅರ್ಧ ಬಾಗಿಲನ್ನೂ ತಾ. ನನಗೆ ಒಂದು ಸಲ ಗಾಡಿ ನಿಲ್ಲದೆ ಸುತ್ತೋದನ್ನ ನೋಡಬೇಕು. ನಿನ್ನನ್ನೂ ನೋಡಬೇಕು. ಬಾ ಅಂತ ಬರೆದಿದ್ದೇನೆ ನೋಡು, ನಾನೇ ಬರೆದಿದ್ದೇನೆ. ಇನ್ನು ಇದನ್ನ ಓದಿ ಮೀಸೆ ತಿರುವಬೇಡ.

ಇಂತಿ
ನಿನ್ನ ಅಕ್ಕ


ಮೇ 18

ಅಕ್ಕಾ,

ಮೀಸೆ ತಿರುವಲಿಲ್ಲ. ಕುಣಿದೆ. ಓನರ್ ಅಜ್ಜಿ ಪೊರಕೆಯಿಂದ ಕೆಳಗಿನ ಚಾವಣಿ ಕುಟ್ಟಿದರು.

ಬರುತ್ತೇನೆ. ಜೂನ್ ಮೊದಲ ಭಾನುವಾರ, ಗೆಳೆಯನ ವ್ಯಾನಿನಲ್ಲಿ, ಬಾಗಿಲು ಸಮೇತ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಅಲ್ಲಿಗೆ ಬಂದ ಮೇಲೆ ಮುಖ ಕೆಡಬಾರದು. ಎರಡು ಅರ್ಧ ಸೇರಿದ ಮೇಲೆ ಅದು ಯಾರ ಮನೆಯಲ್ಲಿ ಇರಬೇಕು? ಹಿಂದಿನ ಜಗಳ ಹುಟ್ಟಿದ್ದೂ ಇಲ್ಲೇ. ಅಮ್ಮ ನಿನ್ನ ಹತ್ತಿರ ಇದ್ದಾಳೆ, ಅದಕ್ಕೆ ರೈಲೂ ನಿನ್ನ ಹತ್ತಿರ ಇರಬೇಕು ಅಂತ ನೀನು ಅಂದೆ. ಹಳಿ ಹಾಕುವಾಗ ಅಪ್ಪನ ಜೊತೆ ಮೊಳೆ ಹಿಡಿದು ಕೂತವನು ನಾನು ಅಂತ ನಾನು ಅಂದೆ. ಈಗಲೂ ನನ್ನ ಕೋಣೆಯಲ್ಲಿ ಆ ಅರ್ಧ ಬಾಗಿಲು ಬಿಟ್ಟರೆ ಒಂದು ಮಂಚ, ಒಂದು ಕುರ್ಚಿ. ಸಂಜೆ ಹಗ್ಗ ಇಳಿಸಲು ಏನೂ ಇಲ್ಲದಿದ್ದರೆ ನಾನು ಯಾಕೆ ಬೇಗ ಮನೆಗೆ ಬರಬೇಕು? ಅದಕ್ಕೆ ಅವತ್ತು ಸೇರಿಸಿ, ಓಡಿಸಿ, ಸಂಜೆಗೆ ನನ್ನದನ್ನ ನಾನು ವಾಪಸ್ ತರುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ಹಸಿದುಕೊಂಡೇ ಬರುತ್ತೇನೆ.

ಇಂತಿ
ಬೋಲ್ಟು


ಜೂನ್ 9

ಅಕ್ಕಾ,

ಬಾಗಿಲು ಮತ್ತೆ ಚಾವಣಿ ಸೇರಿದೆ. ಬರುವಾಗ ವ್ಯಾನಿನ ಹಿಂದೆ ಅದನ್ನ ಹಿಡಿದುಕೊಂಡೇ ಕೂತಿದ್ದೆ. ಒಂದು ಕಡೆ ನಗು, ಒಂದು ಕಡೆ ಬೇಜಾರು. ಎಷ್ಟು ಬೈದೆ ನನ್ನನ್ನ! ಎರಡು ವರ್ಷದ ಬಾಕಿ ಎಲ್ಲ ಒಂದೇ ಮಧ್ಯಾಹ್ನ ತೀರಿಸಿಬಿಟ್ಟೆ. ಕಿವಿ ಇನ್ನೂ ಬಿಸಿಯಾಗಿದೆ, ಆದರೆ ಹಿತವಾಗಿದೆ.

ಎಮ್ಮೆ ನಿನ್ನ ಹಲ್ಲು ಹಾಕಿಕೊಂಡು ಓಡಿತಲ್ಲ, ಅಷ್ಟು ಸಾಕು ಅಂದುಕೊಳ್ಳುತ್ತೇನೆ. ಅದನ್ನ ನಿನ್ನ ಹತ್ತಿರವೇ ಬಿಟ್ಟು ಬಂದದ್ದು ಮರೆತು ಅಲ್ಲ. ಬೋಗಿಗಳ ಜೊತೆ ಇರಲಿ. ಹಳಿಗೆ ಹಳಿ ಕೂಡದೆ ಬಾಗಿಲು ಮಾತ್ರ ಸೇರಲಿಲ್ಲ. ನಾನಂತೂ ನನ್ನ ಗೂಡ್ಸ್ ಹಳಿ ಕೀಳಲ್ಲ, ನೀನಂತೂ ಬೆಟ್ಟ ಒಡೆಯಲ್ಲ. ಹಾಗಾದರೆ ಹಾಗೇ ಇರಲಿ ಬಿಡು.

ಇಂತಿ
ಬೋಲ್ಟು


ಜೂನ್ 22

ಮಗನೇ,

ನಾನು ಕಾಗದ ಬರೆಯದೆ ಎಷ್ಟೋ ವರ್ಷವಾಯಿತು, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಂದಿಸಿಕೊಂಡು ಓದು. ನಿನ್ನ ಅಕ್ಕನಿಗೆ ಬರೆಯೋದಕ್ಕೆ ಪುರುಸೊತ್ತಿಲ್ಲ, ಮೇಜಿನ ಕೆಳಗೆ ಮಲಗಿ ತಂತಿ ಸಿಕ್ಕಿಸುತ್ತಿದ್ದಾಳೆ. ನಿನ್ನ ಭಾವ ದೀಪ ಹಿಡಿದಿದ್ದಾರೆ. ದಿಂಬಿನಿಂದ ಬಡ್ತಿ ಸಿಕ್ಕಿದೆ.

‘ಹಾಗೇ ಇರಲಿ ಬಿಡು’ ಅಂತ ಬರೆದೆಯಂತೆ. ಏನು ಇರಲಿ? ಅವತ್ತು ನೀವಿಬ್ಬರೂ ಮಾಡಿದ್ದನ್ನ ನಾನು ಕುರ್ಚಿಯಲ್ಲಿ ಕೂತು ನೋಡಿದೆನಲ್ಲ. ಎರಡು ಅರ್ಧ ಬಾಗಿಲನ್ನೂ ಒಂದಕ್ಕೊಂದು ಒತ್ತಿ ಹಿಡಿದಿರಿ. ನಿನ್ನ ಹಳಿ ಆಚೆ ಮೂಲೆಗೆ ಹೋಗಿತ್ತು, ಅವಳ ಹಳಿ ಈಚೆ ಮಧ್ಯಕ್ಕೆ ಬಂದಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸ್ವಲ್ಪವೇ ಸರಿಸಿದೆ, ಸ್ವಲ್ಪವೇ ಸರಿಸಿದೆ ಅಂತ ಕಾಗದದಲ್ಲಿ ಬರೆದುಕೊಂಡದ್ದು ನನಗೂ ಗೊತ್ತು, ನಿನ್ನ ಅಕ್ಕ ಎಲ್ಲ ಓದಿ ಹೇಳುತ್ತಿದ್ದಳು. ಆ ಸ್ವಲ್ಪ ಸ್ವಲ್ಪ ಸೇರಿ ಒಂದು ಗೇಣಾಗಿತ್ತು. ನೀನು ಬೆಟ್ಟ ಒಡಿ ಅಂದೆ, ಅವಳು ಹಳಿ ಕೀಳು ಅಂದಳು. ನಾನು ಬಾಯಿ ಬಿಡಲಿಲ್ಲ. ಹಿಂದೆ ಒಂದು ಸಲ ಬಾಯಿ ಬಿಟ್ಟು ಗರಗಸ ತರಿಸಿದ್ದು ಸಾಕಾಗಿತ್ತು.

ಆದರೆ ನೀವು ಕಿತ್ತಾಡುತ್ತಿದ್ದಾಗ ನಿನ್ನ ಭಾವ ಎರಡು ಅಂಚಿನ ಅಳತೆ ತೆಗೆದುಕೊಂಡರು. ನೀನು ಹೋದ ಮೇಲೆ ನನ್ನ ಮುಂದೆ ಇಟ್ಟರು. ನಾನು ಬಡಗಿಯನ್ನ ಕರೆಸಿದೆ. ಬಾಗಿಲಿನ ಅಗಲಕ್ಕೆ ಸರಿಯಾಗಿ ಒಂದು ಹಲಗೆ ಮಾಡಿಸಿದೆ. ಎರಡು ಬಾಗಿಲಿನ ನಡುವೆ ಅದು ಕೂರುತ್ತೆ. ಈ ತುದಿಯಲ್ಲಿ ಹಳಿ ಅವಳದಕ್ಕೆ ಕೂಡುತ್ತೆ, ಹಾಗೇ ಓರೆಯಾಗಿ ಹೋಗಿ ಆ ತುದಿಯಲ್ಲಿ ನಿನ್ನದಕ್ಕೆ ಕೂಡುತ್ತೆ. ಬೆಟ್ಟ ಒಡೆಯೋದು ಬೇಡ, ಹಳಿ ಕೀಳೋದೂ ಬೇಡ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರಲ್ಲ, ಈ ಹಲಗೆ ನನ್ನದು. ಅಪ್ಪನ ರೈಲಿನಲ್ಲಿ ನೀವಿಬ್ಬರೂ ಪಾಲು ತಗೊಂಡಿರಿ, ನಾನು ಈಗ ತಗೊಂಡಿದ್ದೇನೆ.

ಅದರ ಮೇಲೆ ಒಂದು ಸ್ಟೇಷನ್ ಕಟ್ಟಿಸಿದ್ದೇನೆ. ಪಾನ್ ಡಬ್ಬಿಯಷ್ಟು ದೊಡ್ಡದಲ್ಲ, ಬೆಂಕಿಪೊಟ್ಟಣದಷ್ಟು. ಒಂದು ಬೆಂಚು. ಬೆಂಚಿನ ಮೇಲೆ ಕೂರಿಸೋದಕ್ಕೆ ನಿನ್ನ ಅಕ್ಕ ಪ್ಲಾಸ್ಟರಿನಲ್ಲಿ ಒಬ್ಬ ಮುದುಕಿಯನ್ನ ಮಾಡಿಕೊಟ್ಟಿದ್ದಾಳೆ. ನನ್ನ ಹಾಗೇ ಇದ್ದಾಳೆ ಅಂತಾರೆ, ನಾನು ಅಷ್ಟು ದಪ್ಪ ಇಲ್ಲ.

ಇನ್ನು ಯಾರ ಮನೆಯಲ್ಲಿರಬೇಕು ಅನ್ನೋ ಮಾತು. ನನ್ನ ಹಲಗೆ ನಾನಿರೋ ಕಡೆ ಇರುತ್ತೆ. ಹಲಗೆ ಇರೋ ಕಡೆ ಎರಡು ಬಾಗಿಲೂ ಇರಬೇಕು. ಸದ್ಯಕ್ಕೆ ನಾನು ಇಲ್ಲಿದ್ದೇನೆ. ನಿನಗೆ ಸಂಜೆ ಹಗ್ಗ ಇಳಿಸೋದಕ್ಕೆ ಏನಾದರೂ ಬೇಕಲ್ಲ, ಹಾಗಾದರೆ ಒಂದು ಕೋಣೆ ಹೆಚ್ಚಿರೋ ಮನೆ ಹುಡುಕು. ರೈಲು ಕಟ್ಟಿಕೊಂಡು ನಾನೇ ಬಂದು ನಿನ್ನ ಹತ್ತಿರ ಇರುತ್ತೇನೆ. ಆಗ ನಿನ್ನ ಅಕ್ಕ, ಭಾವ ಅಲ್ಲಿಗೆ ಬರಲಿ. ವರ್ಷವೆಲ್ಲ ಒಂದೇ ಕಡೆ ಕೂತು ನನಗೂ ಬೇಜಾರು. ನಿನಗೆ ಹೇಳಲು ಬಾಯಿ ಬಂದಿರಲಿಲ್ಲ, ನೀನು ಕರೆದೂ ಇರಲಿಲ್ಲ.

ಗಾಡಿ ಈಗ ನನ್ನ ಸ್ಟೇಷನ್ನಿನಲ್ಲಿ ನಿಂತಿದೆ, ಎಮ್ಮೆ ಮುಂದೆ, ಬೋಗಿಗಳೆಲ್ಲ ಹಿಂದೆ. ನಿನ್ನ ಅಕ್ಕ ದಿನಾ ಸಂಜೆ ಬೆಟ್ಟದಿಂದ ಅಲ್ಲಿವರೆಗೆ ಓಡಿಸಿಕೊಂಡು ಬಂದು ನಿಲ್ಲಿಸುತ್ತಾಳೆ. ಆಮೇಲೆ ಕೈ ಕಟ್ಟಿಕೊಂಡು ಸುಮ್ಮನೆ ಕೂರುತ್ತಾಳೆ. ಕಾಯುತ್ತಿದ್ದೀಯಾ ಅಂದರೆ ಇಲ್ಲ ಅಂತಾಳೆ. ಮುಂದಿನ ಹಳಿ ನಿನ್ನ ಚಾವಣಿಯಲ್ಲಿ ನೇತಾಡುತ್ತಿದೆ. ಇಳಿಸಿಕೊಂಡು ಬಾ.

ಬೆಂಚಿನ ಮೇಲೆ ಕೂತಿರುವ,
ಅಮ್ಮ